ಅಲ್ಲಾಡಬೇಡಿ

ದಿನಕ್ಕೆ ನಲವತ್ತು ಸಲ ಹೇಳುತ್ತೇನೆ
ಡಬ್ಬೋ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ:
ಉಸಿರು ಬಿಗಿಹಿಡಿಯಿರಿ. ಅಲ್ಲಾಡಬೇಡಿ.
ಉಣ್ಣೆ ಕತ್ತರಿಸುವವನ ಸೊಂಟ,
ಕುದುರೆಯಿಂದ ಬಿದ್ದ ಹುಡುಗಿಯ ಮುಂಗೈ,
ನಾಣ್ಯ ನುಂಗಿದ ಕೂಸು.
ಅದಕ್ಕೆ ಯಾವ ಭಾಷೆಯಲ್ಲಿ ಹೇಳಲಿ?

ಇವತ್ತು ಹಿತ್ತಲಲ್ಲಿ ಅದೇ ಮಾತು, ಹೊಸ ದುರ್ಬೀನಿಗೆ.
ದುರ್ಬೀನು ಅನ್ನಬೇಕೋ ಬೇಡವೋ,
ಕಣ್ಣಿಡಲು ತೂತೇ ಇಲ್ಲ.
ರೊಟ್ಟಿ ಡಬ್ಬಿಯಷ್ಟು ಬೂದು ಪೆಟ್ಟಿಗೆ, ಮೂರು ಕಾಲು, ಒಂದು ಹಸಿರು ದೀಪ.
ಫೋನಿನಲ್ಲಿ ಹೆಸರು ಒತ್ತಿದರೆ
ಮಿಕ್ಸಿಯ ಮೊಮ್ಮಗಳಂತೆ ಗುಂಯ್‌ಗುಟ್ಟಿ
ಕತ್ತು ಹೊರಳಿಸಿ, ಒಂದಿಷ್ಟು ತಾರೆ ಎಣಿಸಿ
ತಾನೆಲ್ಲಿದ್ದೇನೆಂದು ತಾನೇ ತಿಳಿದುಕೊಳ್ಳುತ್ತದೆ.
ಈ ಊರಿನಲ್ಲಿ ನನಗೆ ಅದಕ್ಕೆ ಆರು ವರ್ಷ ಹಿಡಿಯಿತು.

ಹತ್ತು ಸೆಕೆಂಡಿಗೊಂದು ಪಟ.
ಮೊದಲನೆಯದರಲ್ಲಿ ಏನಿಲ್ಲ, ಹಿಟ್ಟು ಚೆಲ್ಲಿದ ಕಪ್ಪು ಕಲ್ಲು.
ಹತ್ತಕ್ಕೆ ಮಸುಕು.
ಒಂದರ ಮೇಲೊಂದು ಒಟ್ಟುತ್ತ ಒಟ್ಟುತ್ತ
ಬೂದಿ ಊದಿದ ಕೆಂಡದ ಹಾಗೆ ಕೆಂಪು ಏಳುತ್ತದೆ:
ಕರೀನಾ ನೀಹಾರಿಕೆ.
ನಮ್ಮೂರ ಎರೆಮಣ್ಣಿಗೆ ಜೋಳ ಇನ್ನೂ ಬಂದಿರದ ಕಾಲದಲ್ಲಿ
ಹೊರಟ ಬೆಳಕು
ಈಗ ನನ್ನ ಅಂಗೈಯಲ್ಲಿ,
ಬ್ಯಾಟರಿ ಶೇಕಡ ಅರವತ್ತೆರಡು.

ಕೆಟ್ಟ ಪಟಗಳನ್ನು ಯಂತ್ರವೇ ಎಸೆಯುತ್ತದೆ, ಕಾರಣ ಹೇಳುವುದಿಲ್ಲ.
ನನಗೆ ಗೊತ್ತು.
ಹೆದ್ದಾರಿಯಲ್ಲಿ ದನ ತುಂಬಿದ ಮೂರು ಡಬ್ಬಿಯ ಲಾರಿ ಹೋಯಿತು.
ಬೇಲಿಯಿಂದ ಪೋಸಮ್ ನೆಗೆಯಿತು.
ಚಳಿಗೆ ನಾನೇ ಕಾಲು ಝಾಡಿಸಿದೆ.
ಮತ್ತೆ, ಗ್ಲೆನಿಸಳ ಜಗಲಿ ದೀಪ.

ಅದಂತೂ ಇಡೀ ರಾತ್ರಿ.
ಪಕ್ಕದ ಮನೆಯವಳು, ಎಪ್ಪತ್ತೆಂಟು,
ನೀಲವ್ವ ಅನ್ನಲು ನಾಲಿಗೆ ಹೊರಳದೆ ನನ್ನನ್ನು ನೀಲ್ ಮಾಡಿದವಳು.
ಆರಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ.
ಅವಳೇ ಬಂದಳು, ರಾತ್ರಿಯುಡುಪಿನ ಮೇಲೆ ಮಳೆಕೋಟು ತೊಟ್ಟು:
ಏನದು, ಗುಂಯ್ ಅನ್ನೋದು?

ಫೋನು ತೋರಿಸಿದೆ. ಬಹಳ ಹೊತ್ತು ನೋಡಿದಳು.
ಇದಕ್ಕೆ ಬಣ್ಣ ಇತ್ತಾ? ಅಂದಳು.
ವರ್ನ್ ಬೂದು ಅನ್ನುತ್ತಿದ್ದ.

ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದಳು.
ಶೆಡ್ಡಿನಲ್ಲಿ ಎರಡು ಚಳಿಗಾಲ ಗಾಜು ಉಜ್ಜಿ
ಕನ್ನಡಿ ಮಾಡಿದ್ದನಂತೆ ಅವಳ ಗಂಡ.
ಎಂಬತ್ತಾರರ ಮೇ, ಧೂಮಕೇತು ಮಸುಕಾದ ಮೇಲೆ
ಪೆನ್ಸಿಲಿನಲ್ಲಿ ತಿಕ್ಕಿ ಬೆರಳಲ್ಲಿ ಸವರಿದ್ದಾನೆ, ಇದನ್ನೇ.
ನಡುವಿನ ಕಪ್ಪು ಸೀಳು ಸರಿಯಾಗಿ ಅಲ್ಲೇ.
ಅಂಚಿನಲ್ಲಿ ಬರೆದದ್ದು:
ಕೈ ಮರಗಟ್ಟಿದೆ. ಗ್ಲೆನ್ ದೀಪ ಹಾಕಿದಳು. ಸಾಕು.

ಗಟ್ಟಿಯಾಗಿ ಓದಿದೆ, ಅವಳ ಕನ್ನಡಕ ಒಳಗಿತ್ತು.
ನಕ್ಕಳು. ನಕ್ಕ ರಭಸಕ್ಕೆ ಮೊಣಕೈ ತಾಗಿ
ಎರಡು ಪಟ ಹೋದವು.

ಆಮೇಲೆ ನೋಟ್‌ಬುಕ್ಕು ನನ್ನ ಕುರ್ಚಿಯ ಮೇಲೆ ಬಿಟ್ಟು ನಡೆದಳು.
ಜಗಲಿ ದೀಪ ಆರಿತು.
ಅಗಸ್ತ್ಯ, ತ್ರಿಶಂಕು, ಹೆಸರು ಗೊತ್ತಿಲ್ಲದ್ದೆಲ್ಲ
ಒಮ್ಮೆಲೇ ಮೈಮೇಲೆ ಬಿದ್ದವು.

ಬಾಗಿಲು ಮುಚ್ಚಿದ ಸದ್ದಿಲ್ಲ.
ಕತ್ತಲಲ್ಲಿ ಎಲ್ಲೋ ಅವಳು ನಿಂತಿದ್ದಾಳೆ,
ನಾನು ಕೇಳದೆಯೇ ಉಸಿರು ಬಿಗಿಹಿಡಿದು.
ಯಂತ್ರ ಎಣಿಸುತ್ತಿದೆ:
ನೂರ ಹನ್ನೊಂದು.