ಮೂರು ತಾಸು, ಹೆಚ್ಚುಕಮ್ಮಿ

ಎಷ್ಟು ಹೊತ್ತಾಗುತ್ತೆ ಎಂದು ಡೆಲ್ಫೀನ್ ಫೋನಿನಲ್ಲಿ ಕೇಳಿದರೆ
ಮೂರು ತಾಸು, ಹೆಚ್ಚುಕಮ್ಮಿ, ಅನ್ನುತ್ತಾನೆ ಒರ್ವಿಲ್.
ಹದಿನೇಳು ವರ್ಷದಿಂದ ಅದೇ ಉತ್ತರ.
ಕಾಲೇಜು ಹುಡುಗರನ್ನು ಬಸ್ಸಿನಿಂದ ಇಳಿಸಿ
ಸೀಟು ಹಿಂದಕ್ಕೆ ವಾಲಿಸಿ
ಟೋಪಿ ಮುಖಕ್ಕೆ ಎಳೆದುಕೊಂಡರೆ ಆಯಿತು;
ಗೆದ್ದರೋ ಸೋತರೋ
ಮೆಟ್ಟಿಲು ಹತ್ತುವ ಬೂಟಿನ ಸದ್ದೇ ಹೇಳುತ್ತದೆ.

ಹತ್ತು ರನ್ನಿನ ಅಂತರ ಬಿದ್ದರೆ
ಏಳನೇ ಇನ್ನಿಂಗ್ಸಿಗೇ ಅಂಗಡಿ ಮುಚ್ಚುತ್ತಾರೆ.
ಆ ದಿನ ಮನೆಯಲ್ಲಿ ಸೂಪು ಇನ್ನೂ ಬಿಸಿ.

ಇವತ್ತು ಹಾಗಲ್ಲ.
ನೆಬ್ರಾಸ್ಕದ ಗಾಳಿ, ಏಪ್ರಿಲ್‌ನಲ್ಲೂ ಹಲ್ಲು ಕಟಕಟ.
ಒಂಬತ್ತು ದಾಟಿ ಹನ್ನೊಂದು, ಹನ್ನೆರಡು...
ಥರ್ಮಾಸಿನ ತಳದಲ್ಲಿ ಕಾಫಿಯ ಚರಟ.
ಒಂದೊಂದು ಎಸೆತಕ್ಕೂ ಈಗ ಗಡಿಯಾರವುಂಟು,
ಆಟಕ್ಕಿಲ್ಲ.
ಇವನಿಗುಂಟು: ರಾತ್ರಿ ಹನ್ನೊಂದೂವರೆ ಮೀರಿದರೆ
ಕಾನೂನು ಸ್ಟಿಯರಿಂಗ್ ಮುಟ್ಟಗೊಡದು.

ಗೊಣಗುತ್ತ ಇಳಿದು ತಂತಿಬೇಲಿಗೆ ಬಂದ.
ದಿಬ್ಬದ ಮೇಲೆ ಆ ಸಣಕಲ, ಕೋಲ್ಟರ್;
ಬೆಳಿಗ್ಗೆ ಮೂರನೇ ಸೀಟಿನಲ್ಲಿ ವಾಂತಿ ಮಾಡಿಕೊಂಡವನು,
ಬಕೆಟ್ಟು ಹಿಡಿದದ್ದು ಒರ್ವಿಲ್ಲನೇ.
ಚೆಂಡನ್ನು ಗ್ಲೌಸಿನೊಳಗೆ ತಿರುಗಿಸುತ್ತಾನೆ,
ಮತ್ತೆ ತಿರುಗಿಸುತ್ತಾನೆ,
ಕೆಂಪು ಅಂಕಿ ಒಂಬತ್ತು, ಎಂಟು, ಏಳು.
ಬೆರಳು ಬೇಲಿಯ ಕಣ್ಣಿಗೆ ಸಿಕ್ಕಿಕೊಂಡದ್ದು
ಒರ್ವಿಲ್ಲನಿಗೆ ಗೊತ್ತಾಗಲಿಲ್ಲ.
ಉಗಿಯಾಡುವ ಆ ಪುಟ್ಟ ಬಾಯಿ
ಏನೋ ಹೇಳಿಕೊಳ್ಳುತ್ತಿದೆ, ಯಾರಿಗೋ.

ಜೇಬಿನಲ್ಲಿ ಫೋನು ನಡುಗಿತು.
ಇನ್ನೂ ಎಷ್ಟು ಹೊತ್ತು?

ತಡಿ ಮಾರಾಯ್ತಿ, ಅಂದ,
ಎರಡು ಸ್ಟ್ರೈಕ್ ಆಗಿದೆ.