ಮೂರರಿಂದ ಶುರು

ಶಹಾಬಾದಿನ ಕಾಲೇಜು. ಪ್ರಾಕ್ಟಿಕಲ್ ಪರೀಕ್ಷೆಯ ಎರಡನೇ ಬ್ಯಾಚು.
ಫೆಬ್ರವರಿಗೇ ಫರಸಿ ನೆಲ ಕಾದಿದೆ.
ಫ್ಯಾನು ತಿರುಗಿದರೆ ಲೋಲಕ ಅಡ್ಡಾದಿಡ್ಡಿ,
ನಿಲ್ಲಿಸಿದರೆ ಹುಡುಗರ ಬೆವರು
ರೀಡಿಂಗಿನ ಮೇಲೆ ತೊಟ್ಟಿಕ್ಕುತ್ತದೆ.
ಹನ್ನೊಂದೂವರೆಗೆ ಕರೆಂಟು ಹೋಯಿತು.
ದಾರ ನೆಟ್ಟಗಾಯಿತು.

ಗುಂಡಿನ ವ್ಯಾಸ ಅಳೆಯುವಲ್ಲಿ ನಿಂತಿದ್ದೆ.
ಅಟೆಂಡರ್ ಸಾಯಬಣ್ಣ ಕಿವಿಯ ಹತ್ತಿರ ಬಂದ:
"ನಾಲ್ಕನೇ ನಂಬರ್ ಕ್ಯಾಲಿಪರ್ ಭಾಳ ಹಳೇದ್ರಿ ಸರ,
ಬಾಯಿ ಮುಚ್ಚಿದ್ರೂ ಮೂರು ಗೆರಿ ಮುಂದ ಅದ.
ಇಪ್ಪತ್ತೆರಡು ವರ್ಷ ಆತು,
ಅದರ ಸುಳ್ಳು ನಮಗ ಬಾಯಿಪಾಠ."

ಗುರುತ್ವ ಎಲ್ಲರದೂ ಒಂಬತ್ತು ಪಾಯಿಂಟ್ ಎಂಟು.
ಒಬ್ಬನದೂ ಕೂದಲೆಳೆ ಆಚೀಚೆ ಇಲ್ಲ.
ಉತ್ತರದಿಂದ ಹಿಂದಕ್ಕೆ ನಡೆದು
ಸೆಕೆಂಡುಗಳನ್ನು ಹುಟ್ಟಿಸಿಕೊಂಡು ಬಂದಿದ್ದಾರೆ.
ನಾನೂ ಹಾಗೇ ಪಾಸಾದವನು, ಗುರುತು ಸಿಗುತ್ತದೆ.

ಮೈಬೂಬಿ, ತಂದೆ ಲಾಲೇಸಾಬ:
ಒಂಬತ್ತು ಪಾಯಿಂಟ್ ನಾಲ್ಕು.
ಅಳಿಸಿಲ್ಲ, ತಿದ್ದಿಲ್ಲ.

"ಶೂನ್ಯದೋಷ ಅಂದರೇನಮ್ಮ?"

"ನಮ್ಮಪ್ಪನ ಟೇಪಿಗಿ ಮೊದಲಿನ ಮೂರು ಇಂಚ್ ಇಲ್ರಿ ಸರ.
ಖಣಿಯಾಗ ಫರಸಿ ಬಿದ್ದು ತುಂಡಾತು,
ಅದೇ ದಿನ ಅಪ್ಪನ ಬೆರಳ ತುದೀನೂ.
ಹೊಸಾದು ತಂದಿಲ್ಲ. ಮೂರರಿಂದ ಶುರು ಮಾಡ್ತಾನ,
ಬಂದದ್ರಾಗ ಮೂರು ಕಳೀತಾನ.
ಕಳಕೊಂಡಷ್ಟು ಕಳೀಬೇಕು, ಅಷ್ಟೇ ರೀ."

ಪುಸ್ತಕ ಇದಕ್ಕೆ ಅರ್ಧ ಪುಟ ಖರ್ಚು ಮಾಡಿದೆ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ:
"ಹತ್ತು ಸಲ ಅಳೆದು ಸರಾಸರಿ ತೆಗೆದರೂ
ಹೋಗದ ದೋಷ ಯಾವುದು?"

ಕಿಟಕಿಯ ಹೊರಗೆ ಬೂದು ಧೂಳು ಹೊತ್ತ ಬೇವಿನ ಗಿಡ.
ಅದನ್ನು ನೋಡುತ್ತಲೇ ಹೇಳಿದಳು:
"ಗುತ್ತೇದಾರನ ಗಜಕಡ್ಡಿ ರೀ.
ಅದರ ಫೂಟು ಹದಿಮೂರು ಇಂಚು.
ತಪ್ಪಾದ್ರ ಒಮ್ಮೆ ಆಕಡಿ, ಒಮ್ಮೆ ಈಕಡಿ ಆಗ್ಬೇಕಲ್ರಿ?
ಇದು ದಿನಾ ಒಂದೇ ಕಡಿ ಆಗ್ತದ."

ಪದ ನಾನೇ ಹೇಳಿಕೊಟ್ಟೆ. ವ್ಯವಸ್ಥಿತ ದೋಷ.
"ವ್ಯವಸ್ಥಿತ" ಎಂದಳು,
ಬಾಯೊಳಗೇ ತೂಗಿ ನೋಡಿದ ಹಾಗೆ.
ಆಮೇಲೆ ಅಂಗೈ ಮೇಲೆ ಬರೆದುಕೊಂಡಳು.

ಸರಿಯುತ್ತರಕ್ಕೆಂದೇ ಎರಡು ಅಂಕ ಕಟ್ಟಿಟ್ಟಿದ್ದರು.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
ಸಾಯಬಣ್ಣ ಚಹಾ ತಂದಿಟ್ಟ.
ಕಳೆದೆ.

ಸಂಜೆ ಸ್ಟೇಷನ್ನು.
ಸೊಲ್ಲಾಪುರದ ಗಾಡಿ ಹತ್ತು ನಿಮಿಷ ತಡವೆಂದು
ನಲವತ್ತು ನಿಮಿಷದಿಂದ ಹೇಳುತ್ತಿದ್ದಾರೆ.
ಕಾಲ ಕೆಳಗೆ ಇದೇ ಊರಿನ ಕಲ್ಲು,
ಎರಡಡಿಗೆ ಎರಡಡಿ.
ಯಾರ ಅಡಿ?

ಕಂಬದಿಂದ ಕಂಬಕ್ಕೆ ಎಣಿಸುತ್ತ ನಡೆದೆ:
ಹದಿನೇಳು ಕಲ್ಲು.
ತಿರುಗಿ ಬರುವಾಗ ಹದಿನಾರು.
ಟಿಕೆಟ್ಟಿನ ಹಿಂದೆ
ಎರಡನ್ನೂ ಬರೆದಿಟ್ಟುಕೊಂಡೆ.