ಹುಳಮನೆಯ ಬಾಗಿಲು

ಔಷಧಿ ಹೊಡೆದು ಬಂದವರು ಒಳಗೆ ಬರಬಾರದು.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆದದ್ದು,
ಅಣ್ಣನಿಗೆಂದೇ.

ಓದಿದ. ನಕ್ಕ.
ಬೆನ್ನಿನ ಕ್ಯಾನು ಇಳಿಸಿ ನುಗ್ಗೆಮರದಡಿ ಕೂತ.
ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ
"ಹುಳಕ್ಕಿರೋ ಮರ್ಯಾದೆ ನೋಡು" ಅಂದ.

ಇದೆ. ಇರಲೇಬೇಕು.
ಇನ್ನೂರು ಮೊಟ್ಟೆ, ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳು.
ಇರುಳಿಡೀ ಮೇಯುತ್ತವೆ,
ಕತ್ತಲಲ್ಲಿ ಯಾರೋ ಕಾಗದ ಮಡಚುತ್ತಲೇ ಇರುವ ಹಾಗೆ.
ಪಕ್ಕದ ತೋಟದ ಗಾಳಿ ಇತ್ತ ತಿರುಗಿದರೆ,
ಸೊಪ್ಪಿನ ಮೇಲೆ ಕಾಣದಷ್ಟು ಕೂತರೆ ಸಾಕು,
ತಲೆ ಎತ್ತಿ ಆಡಿಸುತ್ತವೆ ಬೇಡ ಬೇಡ ಅಂತ,
ಹಸಿರು ನೀರು ಕಕ್ಕುತ್ತವೆ,
ಬೆಳಗಾಗುವಷ್ಟರಲ್ಲಿ ಬೆರಳುದ್ದದವು ಉಗುರುದ್ದ.
ಹುಳಕ್ಕೆ ಸಹಿಸಿಕೊಳ್ಳೋದು ಬರಲ್ಲ.

ಅಣ್ಣನಿಗೆ ಬರುತ್ತೆ.
ಹದಿನಾರು ವರ್ಷದಿಂದ ಮೇಲೂರಿನ ಆಚೆ ಈಚೆ
ಯಾರು ಕರೆದರೆ ಅವರ ತೋಟ.
ದ್ರಾಕ್ಷಿ ಚಪ್ಪರಕ್ಕೆ ಮುಖ ಮೇಲೆ ಮಾಡಿಯೇ ಹೊಡೆಯಬೇಕು,
ಮೇಲೆ ಹೋದದ್ದು ಕೆಳಗೆ ಬರುತ್ತೆ,
ಇದಕ್ಕೇನು ಇಸ್ಕೂಲು ಓದಬೇಕಾಗಿಲ್ಲ.
ದಿಲ್‌ಖುಷ್ ಗೊಂಚಲಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೀಸೆಗೆ,
ಕ್ಯಾನಿನ ಹಳೇ ವಾಷರಿನಿಂದ ಬೆನ್ನಿಗಿಳಿದು
ಉಡಿದಾರದವರೆಗೆ.
ಡಬ್ಬಿಯ ಮೇಲೆ ಕೆಂಪು ತ್ರಿಕೋನ,
ಒಳಗಿನ ಚೀಟಿಯಲ್ಲಿ ಇರುವೆ ಸಾಲಿನಂಥ ಹತ್ತಾರು ಭಾಷೆ.
ನಮ್ಮದೂ ಇತ್ತಂತೆ.

ಹುಳು ಚರ್ಮ ಕಳಚೋದಕ್ಕೆ ನಾವು ಜ್ವರ ಅನ್ನುತ್ತೇವೆ.
ನಾಲ್ಕು ಜ್ವರ, ನಾಲ್ಕು ಚರ್ಮ.
ಅಣ್ಣನಿಗೆ ಇದ್ದದ್ದು ಒಂದೇ.

ಮೊದಲು ಬೆರಳ ತುದಿ ಸತ್ತಿತು,
ಬೀಡಿ ಸುಟ್ಟರೂ ತಿಳಿಯದು.
ಆಮೇಲೆ ಹೆಸರುಗಳು:
ಮಗಳನ್ನು ನನ್ನ ಹೆಸರಿನಿಂದ ಕರೆದ,
ನನ್ನನ್ನು, ಎಂದೋ ಮಾರಿದ ಎಮ್ಮೆಯ ಹೆಸರಿನಿಂದ.
ನಕ್ಕೆವು. ಆಗ ನಕ್ಕೆವು.

ತೆಲುಗಿನ ಅಜ್ಜಿ ಮಂದು ಅನ್ನುತ್ತಾಳೆ, ನಾವು ಔಷಧಿ.
ನೆಗಡಿಗೂ ಅದೇ ಮಾತು, ಬೂದಿರೋಗಕ್ಕೂ ಅದೇ,
ಬೇಸತ್ತವರು ಕೈಯಾರೆ ಕುಡಿಯೋದಕ್ಕೂ ಅದೇ.
ಒಂದೇ ಲೋಟಕ್ಕೆ ಇಷ್ಟೆಲ್ಲ ಸುರಿದವರು ಯಾರೋ.

ಆ ಸಂಜೆ ನುಗ್ಗೆಮರದಡಿಯೇ ಬಿದ್ದಿದ್ದ,
ಬಾಯಲ್ಲಿ ನೊರೆ, ಮೈಯೆಲ್ಲ ನೀರು.
ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ
ರೆಪ್ಪೆ ಎತ್ತಿ ಟಾರ್ಚು ಬಿಟ್ಟರು.
ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣ.

"ಔಷಧಿ ಕುಡಿದನಾ?"
"ಇಲ್ಲ ಸಾರ್. ಹೊಡೆದ."
"ಮನೇಲಿ ಜಗಳ?"
"ಇಲ್ಲ ಸಾರ್. ಗಾಳಿ."
"ಹೆಸರು?"
"ಪಿಳ್ಳಾಂಜಿನಪ್ಪ."
ಬರೆದುಕೊಳ್ಳಲು ಬಂದ ಪೊಲೀಸಿನವರ ಹಾಳೆಯಲ್ಲಿ
ಕುಡಿದದ್ದಕ್ಕೆ ಜಾಗವಿತ್ತು.
ಹೊಡೆದದ್ದಕ್ಕೆ ಇರಲಿಲ್ಲ.

ನರ್ಸಮ್ಮ ಗಡಿಯಾರ ನೋಡಿ ನೋಡಿ ಸೂಜಿ ಚುಚ್ಚಿದಳು.
ಎರಡು ರಾತ್ರಿ ಅವನು ಗಾಳಿಯಲ್ಲಿ ಕೈಯಾಡಿಸಿ
ಏನನ್ನೋ ಕಿತ್ತು ಕಿತ್ತು ಹಾಕುತ್ತಿದ್ದ,
ಗೊಂಚಲೋ, ಗೂಡೋ.
ಮೂರನೇ ಬೆಳಗ್ಗೆ ಕಣ್ಣು ಬಿಟ್ಟು ಕೇಳಿದ್ದು:
"ಹುಳ ಹಣ್ಣಾಯ್ತಾ?"

ಆಗಿದ್ದವು. ಚಂದ್ರಿಕೆಗೆ ಬಿಟ್ಟೇ ಬಸ್ಸು ಹತ್ತಿದ್ದೆ.
ಮೈಯೊಳಗೆ ದೀಪ ಇಟ್ಟಂತೆ ಇದ್ದವು ಒಂದೊಂದೂ.
ಒಂದೂ ಸತ್ತಿರಲಿಲ್ಲ.
ಹೇಳಲು ಯಾಕೋ ನಾಚಿಕೆಯಾಯಿತು.

ಮನೆಗೆ ಬಂದರೆ ಅತ್ತಿಗೆ
ಅವನ ಅಂಗಿಯನ್ನು ಕೂಸಿನ ಬಟ್ಟೆಯ ಜೊತೆ ನೆನೆಸಿದ್ದಾಳೆ,
ಅದೇ ಬೋಗುಣಿ, ಅದೇ ನೀರು, ಯಾವತ್ತಿನ ಹಾಗೆ.
ಸೀಮೆಸುಣ್ಣ ಹಿಡಿದು ಮನೆಯ ಬಾಗಿಲ ಮುಂದೆ
ತುಂಬ ಹೊತ್ತು ನಿಂತೆ.
ಹುಳಮನೆಗೆ ಬರೆದದ್ದು ಸುಲಭವಿತ್ತು.

ಗೂಡು ಶಿಡ್ಲಘಟ್ಟದಲ್ಲಿ ಒಳ್ಳೇ ರೇಟಿಗೆ ಹೋಯಿತು.
ಮಾರನೇ ದಿನ ತೋಟದವರ ಫೋನು:
ಶನಿವಾರ ಇನ್ನೊಂದು ಸುತ್ತು, ಗಾಳಿ ಏಳೋ ಮುಂಚೆ.
ಅಣ್ಣ ಫೋನು ಕೈಯಲ್ಲಿ ಹಿಡಿದೇ
ನನ್ನ ಮುಖ ನೋಡಿದ.
ನಾನು ಅವನ ಪಾಪೆ ನೋಡಿದೆ,
ಇವತ್ತು ಎಷ್ಟಿದೆ ಅಂತ.